ಬಣ್ಣ ಆರಿದ ಮೇಲೆ: ಹಳೆಯ ಮೋಟಾರೊಂದು ಕುಬಟೂರಿಗೆ ಹೋದುದು

ಹಳೆಯ ಮೋಟಾರು ಕಾರುಗಳನ್ನು ಪುನರುದ್ಧಾರ ಮಾಡತಕ್ಕ ಕಾರ್ಯಾಗಾರಗಳನ್ನು ಹೊಕ್ಕು ನೋಡಿದವರ ಕಣ್ಣಿಗೆ ಒಂದು ವಿಚಿತ್ರ ಬೀಳದೆ ಇರದು. ಕೆಲಸವೇ ಆರಂಭವಾಗದೆ ತುಕ್ಕು ಹಿಡಿದು ಕುಳಿತ ಬಂಡಿಗಳು ಅಲ್ಲಿ ಕೆಲವಿರುತ್ತವೆ; ಕೆಲಸ ಪೂರೈಸಿ ಯಜಮಾನನ ಮನೆಗೆ ಹೊರಟು ನಿಂತವು ಅಪರೂಪಕ್ಕೆ ಒಂದೆರಡು ಇರುತ್ತವೆ; ಆದರೆ ‘ಇನ್ನೇನು ಮುಗಿಯಿತು, ಸ್ವಲ್ಪ ಉಳಿದಿದೆ’ ಎಂಬ ಮಾತನ್ನು ಹೊತ್ತುಕೊಂಡು ವರ್ಷಗಟ್ಟಲೆ ಅದೇ ಮೂಲೆಯಲ್ಲಿ ನಿಂತಿರತಕ್ಕವುಗಳ ಸಂಖ್ಯೆಯೇ ಅಧಿಕ. ಎಂಜಿನ್ನನ್ನು ಬಿಚ್ಚಿ ಕಟ್ಟಿಯಾಗಿದೆ, ತಳದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದಾಗಿದೆ, ಬಣ್ಣವೂ ಬಿದ್ದಿದೆ. ಉಳಿದಿರುವುದೆಂದರೆ ಬಾಗಿಲಿನ ಒಂದು ಹಿಡಿ, ಗಾಜಿನ ಸುತ್ತಿನ ರಬ್ಬರು, ಒಮ್ಮೆ ಉರಿದು ಮತ್ತೊಮ್ಮೆ ಉರಿಯದ ಎಡಗಡೆಯ ದೀಪ. ಮಹತ್ಕಾರ್ಯವನ್ನು ಉತ್ಸಾಹದಿಂದ ಸಾಧಿಸಿದ ಮನುಷ್ಯನು ಈ ಕ್ಷುದ್ರವಾದ ಉಳಿಕೆಗಳ ಎದುರಿನಲ್ಲಿ ಕೈಚೆಲ್ಲಿ ಕುಳಿತುಬಿಡುತ್ತಾನೆ. ಆದುದರಿಂದ ಈ ವಿದ್ಯೆಯನ್ನು ವಾಚಕರಿಗೆ ಪರಿಚಯ ಮಾಡಿಕೊಡುವಾಗ ಅದರ ಆರಂಭವನ್ನು ಬಿಟ್ಟು ಅಂತ್ಯಭಾಗದಿಂದಲೇ ತೊಡಗುವುದು ಉಚಿತವೆಂದು ನನಗೆ ತೋರಿತು. ಆ ಅಂತ್ಯಭಾಗದಲ್ಲಿ ಎರಡು ಸಂಗತಿಗಳಿವೆ: ಕೊನೆಯ ಒಪ್ಪದ ಕೆಲಸಗಳು, ಅವುಗಳ ಬೆನ್ನಿಗೆ ಬರುವ ಮೊದಲನೆಯ ದೂರಪ್ರಯಾಣ. ಮೊದಲನೆಯದು ದುಡಿಮೆ, ಎರಡನೆಯದು ಆ ದುಡಿಮೆಯ ಸಂಭ್ರಮ ಎಂದು ಸಾಮಾನ್ಯವಾಗಿ ಜನ ಭಾವಿಸುತ್ತಾರೆ. ಬಲ್ಲವರ ಲೆಕ್ಕ ಹಾಗಿಲ್ಲ. ಅವರ ಪಾಲಿಗೆ ಪ್ರಯಾಣವೂ ದುಡಿಮೆಯೇ. ಬಂಡಿಯು ಕಾರ್ಖಾನೆಯಲ್ಲಿ ಮುಗಿಯುವುದಿಲ್ಲ, ರಸ್ತೆಯ ಮೇಲೆ ಮುಗಿಯುತ್ತದೆ.

ನಮ್ಮ ನಾಡಿಗೂ ಮೋಟಾರಿಗೂ ಇರುವ ಸಂಬಂಧ ಕೇವಲ ಕೊಳ್ಳುವವರ ಸಂಬಂಧವಲ್ಲವೆಂಬುದನ್ನು ಇಲ್ಲಿ ಒಂದು ಮಾತಿನಲ್ಲಿ ನೆನೆಯಬಹುದು. ಭಾರತದಲ್ಲಿಯೇ ಕಾರುಗಳು ನಿರ್ಮಾಣವಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿ, ಅದಕ್ಕಾಗಿ ಪಶ್ಚಿಮದ ದೇಶಗಳ ಕಾರ್ಖಾನೆಗಳನ್ನು ಕಂಡುಬಂದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅಂದಿನ ಸರ್ಕಾರದ ಔದಾಸೀನ್ಯದಿಂದ ಅದು ಮೈಸೂರಿನ ನೆಲದಲ್ಲಿ ಬೇರೂರಲಿಲ್ಲ. ಅದೇ ಉದ್ಯಮದಲ್ಲಿ ಆಸಕ್ತರಾಗಿದ್ದ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಕಾರದಿಂದ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದುದು ವಿಮಾನದ ಕಾರ್ಖಾನೆಯನ್ನು, ಮೋಟಾರಿನದು 1944ರಲ್ಲಿ ಪ್ರೀಮಿಯರ್ ಎಂಬ ಹೆಸರಿನಿಂದ ಮುಂಬಯಿಯ ಪಾಲಾಯಿತು. ಅದಕ್ಕೆ ಎರಡು ವರ್ಷ ಮೊದಲು ಹುಟ್ಟಿದ್ದ ಹಿಂದೂಸ್ಥಾನ್ ಮೋಟಾರ್ಸ್ ಮುಂದೆ ಬಂಗಾಳದ ಉತ್ತರಪಾಡಾದಲ್ಲಿ ನೆಲೆನಿಂತು, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯ ಅಚ್ಚನ್ನು ತಂದು, 1950ರ ದಶಕದ ಕೊನೆಯಿಂದ 2014ರವರೆಗೆ ಅಂಬಾಸಡರನ್ನು ಮಾಡುತ್ತ ಬಂದಿತು. ಮಲೆನಾಡಿನ ಅಡಕೆಯ ಮನೆಗಳ ಅಂಗಳಕ್ಕೆ ಮೊದಲ ಕಾರೆಂದು ಬಂದುದು ಬಹುಮಟ್ಟಿಗೆ ಈ ಅಂಬಾಸಡರು, ಇಲ್ಲವೆ ಪ್ರೀಮಿಯರಿನ ಫಿಯಟ್ಟು. ದಾರಿ ಸರಿಯಿಲ್ಲದ ಕಡೆಗೆ ಜೀಪು. ಇಂದು ಜನರು ಟಿಕೇಟು ಕೊಂಡು ಹಳೆಯ ಕಾರುಗಳನ್ನು ನೋಡಲು ಹೋಗತಕ್ಕ ಸ್ಥಳಗಳೂ ನಮ್ಮಲ್ಲಿವೆ. ಧರ್ಮಸ್ಥಳದಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಮಂಜೂಷಾ ವಸ್ತುಸಂಗ್ರಹಾಲಯದ ಜೊತೆಗೆ ಬೆಳೆಸಿದ ಕಾರುಗಳ ಸಂಗ್ರಹವೂ, ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯ ಮಗ್ಗುಲಲ್ಲಿ ಅದರ ಸೋದರಿಯಾಗಿ ಎದ್ದುನಿಂತ ‘ಪಯಣ’ವೂ ಅಂಥವು. ಅಲ್ಲಿ ಸಾಲಾಗಿ ಹೊಳೆಯುತ್ತ ನಿಂತ ಬಂಡಿಗಳನ್ನು ಕಂಡವರಿಗೆ ಆ ಹೊಳಪಿನ ಹಿಂದಿರುವ ಕೈಗಳ ನೆನಪು ಬರುವುದು ವಿರಳ. ನಾನು ಹೇಳಹೊರಟಿರುವುದು ಆ ಕೈಗಳ ವಿಚಾರವನ್ನು.

ಶಿವಮೊಗ್ಗೆಯ ನನ್ನ ಮಿತ್ರರೊಬ್ಬರು 1960ರ ದಶಕದ ಮಧ್ಯಕಾಲದ ಎರಡನೆಯ ಮಾದರಿಯ ಅಂಬಾಸಡರೊಂದನ್ನು, ಜನ ‘ಮಾರ್ಕ್ ಟೂ’ ಎಂದು ಕರೆಯುವುದನ್ನು, ಸಂಪೂರ್ಣವಾಗಿ ಕಳಚಿ ಮತ್ತೆ ಜೋಡಿಸುವ ಸಾಹಸಕ್ಕೆ ಕೈಹಾಕಿದ್ದರು. ಮುಂಗಡೆಯಲ್ಲಿ ಚದುರಂಗದ ಮಣೆಯ ಹಾಗೆ ಚೌಕಚೌಕವಾದ ಜಾಲರಿ ಇರುವುದೇ ಅದರ ಗುರುತು. ಶಿವಮೊಗ್ಗೆಯ ಆಟೋ ಕಾಂಪ್ಲೆಕ್ಸಿನಂತಹ ಮೆಕ್ಯಾನಿಕ್ಕುಗಳ ಬೀದಿಯಿರುವ ಊರಿನಲ್ಲಿ ಇಂತಹ ಕೆಲಸಕ್ಕೆ ಜನ ದೊರೆಯುವುದು ಕಷ್ಟವಲ್ಲ. ಹಳೆಯ ಕೆಲಸ ಬಲ್ಲ ಜನ ದೊರೆಯುವುದು ಕಷ್ಟ. ಟಿಂಕರಿಂಗಿನವನು ಬೇರೆ, ಪೇಂಟರು ಬೇರೆ, ವೈರಿಂಗಿನವನು ಬೇರೆ, ಸೀಟು ಹೊಲಿಯುವವನು ಬೇರೆ, ಇವರೆಲ್ಲರ ಮೇಲೆ ಎಂಜಿನ್ನಿನ ಮೇಸ್ತ್ರಿ. ಒಬ್ಬನ ಕೆಲಸ ಮುಗಿಯದೆ ಮತ್ತೊಬ್ಬನು ಕೈಯಿಡುವಂತಿಲ್ಲ. ಒಬ್ಬನು ಕೈಯಿಟ್ಟನೆಂದರೆ ಮತ್ತೊಬ್ಬನ ಕೆಲಸಕ್ಕೆ ಗೀರು ಬೀಳದೆ ಇರುವುದಿಲ್ಲ. ಕೊನೆಯ ಹಂತದ ವಿಳಂಬಕ್ಕೆ ಅರ್ಧ ಕಾರಣ ಇದೇ ಎಂದು ನನ್ನ ನಂಬಿಕೆ.

ಬಣ್ಣದ ಮಾತನ್ನು ಮೊದಲು ಹೇಳಬೇಕು, ಏಕೆಂದರೆ ಬಣ್ಣ ಹೊಡೆದಾಯಿತೆಂದರೆ ಬಣ್ಣದ ಕೆಲಸ ಮುಗಿಯಿತೆಂಬ ಭ್ರಾಂತಿ ಬಹಳ ಜನರಲ್ಲಿದೆ. ಆ ಕಾಲದ ನೈಟ್ರೋಸೆಲ್ಯುಲೋಸ್ ಬಣ್ಣಕ್ಕೆ ನಮ್ಮ ಪೇಂಟರುಗಳ ಬಾಯಲ್ಲಿ ಇಂದಿಗೂ ಡೂಕೋ ಎಂದೇ ಹೆಸರು. ಈಗ ಎರಡು ದ್ರವಗಳನ್ನು ಬೆರೆಸಿ ಗಟ್ಟಿಯಾಗಿಸತಕ್ಕ ಹೊಸ ಬಣ್ಣಗಳು ಅದರ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ. ಯಾವುದಾದರೂ ಆಗಲಿ, ತುಂತುರಾಗಿ ಬಿದ್ದ ಬಣ್ಣ ಆರಿದಾಗ ಅದರ ಮೈ ಕಿತ್ತಳೆಯ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಉಬ್ಬುತಗ್ಗುಗಳಿಂದ ಕೂಡಿರುತ್ತದೆ. ಬಲಿತ ಮೇಲೆ ಅದನ್ನು ನೀರು, ಸಾಬೂನು ಸೇರಿಸಿ 1000ದ ಮರಳುಕಾಗದದಿಂದ ತೊಡಗಿ 1500, 2000 ಎಂದು ಕ್ರಮಕ್ರಮವಾಗಿ ನುಣುಪಾದ ಕಾಗದದಿಂದ ಉಜ್ಜುತ್ತ ಹೋಗಬೇಕು. ಉಜ್ಜಿದಂತೆಲ್ಲ ಹೊಳಪು ಹೆಚ್ಚುವುದಿಲ್ಲ, ಮಾಯವಾಗುತ್ತದೆ. ಇಡೀ ಬಂಡಿ ಬೂದಿ ಬಳಿದಂತೆ ಮಂಕಾಗಿ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಬಂದು ನೋಡಿದ ಯಜಮಾನನು ಎದೆಯೊಡೆದುಕೊಳ್ಳುವುದುಂಟು. ಆಮೇಲೆ ರಬ್ಬಿಂಗ್ ಕಾಂಪೌಂಡು, ಆಮೇಲೆ ಪಾಲಿಷು. ಆಗ ಒಳಗಿನಿಂದ ಹೊಳಪು ಎದ್ದು ಬರುತ್ತದೆ. ಇಲ್ಲಿ ನೈಪುಣ್ಯವೆಲ್ಲ ಇರುವುದು ಅಂಚುಗಳಲ್ಲಿ. ಬಾನೆಟ್ಟಿನ ಮಡಿಕೆ, ಮಡ್‌ಗಾರ್ಡಿನ ಏಣು, ಬಾಗಿಲಿನ ತುದಿ, ಇಂತಹ ಎಡೆಗಳಲ್ಲಿ ಬಣ್ಣ ಸ್ವಭಾವತಃ ತೆಳುವಾಗಿರುವುದರಿಂದ ಒಂದೆರಡು ಉಜ್ಜು ಹೆಚ್ಚಾದರೆ ಸಾಕು, ಕೆಳಗಿನ ಕೆಂಪು ಪ್ರೈಮರು ಇಣಿಕಿ ನೋಡುತ್ತದೆ. ಅನುಭವಸ್ಥನಾದ ಪೇಂಟರು ಏಣುಗಳಿಗೆಲ್ಲ ಟೇಪು ಅಂಟಿಸಿ ಉಳಿದ ಬಯಲನ್ನು ಉಜ್ಜಿ, ಕೊನೆಗೆ ಟೇಪು ಕಿತ್ತು ಆ ಗೆರೆಗಳನ್ನು ಬೆರಳ ತುದಿಯಿಂದಲೇ ಮುಗಿಸುತ್ತಾನೆ.

ಕ್ರೋಮಿನ ಕೆಲಸವೂ ಹೊರಗಿನಿಂದ ಕಂಡಂತೆ ಅಲ್ಲ. ಬಂಪರಿನ ಮೇಲೆ ಬೆಳ್ಳಿಯಂತೆ ಹೊಳೆಯುವುದು ಕ್ರೋಮಿಯಮ್ಮೆಂದು ನಾವೆಲ್ಲ ತಿಳಿದಿರುತ್ತೇವೆ. ವಾಸ್ತವದಲ್ಲಿ ಕ್ರೋಮಿಯಮ್ಮಿನ ಪದರ ಒಂದು ಮೈಕ್ರಾನಿಗಿಂತಲೂ ತೆಳುವು, ಕೆಳಗಿರುವ ನಿಕ್ಕಲ್ಲಿಗೆ ಕಲೆ ಹತ್ತದಂತೆ ಕಾಯುವ ಒಂದು ಮುಸುಕು ಮಾತ್ರ. ಹೊಳಪಿನ ಬಹುಭಾಗ ನಿಕ್ಕಲ್ಲಿನದು, ನಿಕ್ಕಲ್ಲಿಗೆ ಮಟ್ಟಸವಾದ ಹಾಸನ್ನು ಒದಗಿಸುವುದು ಅದರ ಕೆಳಗಣ ತಾಮ್ರ, ಇವೆಲ್ಲಕ್ಕೂ ಕೆಳಗೆ ಬಡಿದು ತಿದ್ದಿ ಬಫ್ಫು ಹೊಡೆದ ಉಕ್ಕು. ಉಕ್ಕಿನ ಮೈಯಲ್ಲಿ ತುಕ್ಕಿನ ಒಂದು ಸೂಜಿಮೊನೆಯಷ್ಟು ಕುಳಿ ಉಳಿದರೂ ಮೂರು ಲೋಹಗಳು ಸೇರಿ ಅದನ್ನು ಮುಚ್ಚಲಾರವು, ಎತ್ತಿ ತೋರಿಸುತ್ತವೆ. ಅಗ್ಗದ ಲೇಪನದಂಗಡಿಗಳಲ್ಲಿ ತಾಮ್ರದ ಹಂತವನ್ನೇ ಹಾರಿಸಿಬಿಡುವ ರೂಢಿಯಿದೆ. ಅಂತಹ ಬಂಪರು ಮಲೆನಾಡಿನ ಒಂದು ಮಳೆಗಾಲವನ್ನು ಕಳೆಯುವುದು ಸಂದೇಹ.

ಮುಂದಿನ ಗಾಜನ್ನು ಕೂರಿಸುವ ವಿಧಾನವಂತೂ ನೋಡತಕ್ಕದ್ದು. ಗಾಜಿನ ಸುತ್ತ ರಬ್ಬರಿನ ಬೀಡಿಂಗನ್ನು ತೊಡಿಸಿ, ಆ ರಬ್ಬರಿನ ಹೊರತುಟಿಯ ಸಂದಿಯಲ್ಲಿ ಉದ್ದಕ್ಕೂ ಒಂದು ಹುರಿಯನ್ನು ಹೂಳಿ, ಸಾಬೂನು ನೀರು ಸವರಿ, ಗಾಜನ್ನು ಹೊರಗಿನಿಂದ ಚೌಕಟ್ಟಿಗೆ ಒತ್ತಿ ಹಿಡಿಯುತ್ತಾರೆ. ಒಳಗೆ ಕುಳಿತವನು ಹುರಿಯ ತುದಿಯನ್ನು ಮೆಲ್ಲಮೆಲ್ಲನೆ ಎಳೆಯುತ್ತ ಬಂದಂತೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಕ್ಕೆ ಮಗುಚಿ ಕುಳಿತುಕೊಳ್ಳುತ್ತದೆ. ಹೊರಗಿನವನ ಒತ್ತಡಕ್ಕೂ ಒಳಗಿನವನ ಎಳೆತಕ್ಕೂ ತಾಳ ತಪ್ಪಿದರೆ ಗಾಜು ಒಡೆಯುತ್ತದೆ, ಇಲ್ಲವೆ ಹುರಿ ರಬ್ಬರನ್ನು ಸೀಳುತ್ತದೆ. ಬಾಗಿಲಿನ ಹೊಸ ರಬ್ಬರಿನದು ಬೇರೊಂದು ತೊಂದರೆ. ಬಣ್ಣಕ್ಕೆ ಮುಂಚೆ ಒಂದೇ ಸಮನಾದ ಸಂದಿಯಿಂದ ಮುಚ್ಚುತ್ತಿದ್ದ ಬಾಗಿಲು ರಬ್ಬರು ಬಂದ ಮೇಲೆ ಒದ್ದರೂ ಮುಚ್ಚುವುದಿಲ್ಲ. ಅವಸರದವನು ಆಗ ಚಿಲಕದ ಕೊಂಡಿಯನ್ನು ಸರಿಸುತ್ತಾನೆ. ಕೆಲವು ವಾರಗಳಲ್ಲಿ ರಬ್ಬರು ತಾನಾಗಿ ಅಮುಕಿಕೊಂಡ ಮೇಲೆ ಅದೇ ಬಾಗಿಲು ಗಡಗಡನೆ ಅಲುಗತೊಡಗುತ್ತದೆ. ತಿಳಿದವನು ಕೊಂಡಿಯನ್ನು ಮುಟ್ಟದೆ ಕಾಯುತ್ತಾನೆ.

ಇನ್ನು ವಿದ್ಯುತ್ತು. ಕಾರಿನ ಪ್ರತಿಯೊಂದು ದೀಪಕ್ಕೂ ಬ್ಯಾಟರಿಯಿಂದ ಒಂದು ತಂತಿ ಮಾತ್ರ ಬರುತ್ತದೆ. ಹಿಂತಿರುಗುವ ದಾರಿ ಬಂಡಿಯ ಲೋಹದ ಮೈಯೇ. ಪುನರುದ್ಧಾರ ಮಾಡಿದ ಬಂಡಿಯಲ್ಲಿ ಆ ಮೈ ಪ್ರೈಮರು, ಬಣ್ಣ, ಮೇಲಣ ಲೇಪ ಎಂದು ನಖಶಿಖಾಂತ ಮುಚ್ಚಿಹೋಗಿರುವುದರಿಂದ ವಿದ್ಯುತ್ತಿಗೆ ಮರಳುವ ದಾರಿಯೇ ಇಲ್ಲವಾಗುತ್ತದೆ. ‘ಬಾಡಿ ಅರ್ತ್ ಸಿಗ್ತಿಲ್ಲ’ ಎಂದು ವೈರಿಂಗಿನವನು ಗೊಣಗಿಕೊಂಡು, ಪೇಂಟರು ಅತ್ತ ತಿರುಗಿದ ಸಮಯ ನೋಡಿ, ದೀಪದ ಸ್ಕ್ರೂವಿನ ಕೆಳಗಿನ ಹೊಸ ಬಣ್ಣವನ್ನು ಚಾಕುವಿನಿಂದ ಕೆರೆದು ತಗಡು ಕಾಣಿಸುತ್ತಾನೆ. ಹೊಸ ಬಣ್ಣದ ಅಂದವೇ ಹೊಸ ದೀಪದ ಮಂಕಿಗೆ ಕಾರಣವಾಗುವ ಈ ಪ್ರಸಂಗವನ್ನು ಕಾಣದ ಪುನರುದ್ಧಾರಕನಿಲ್ಲ.

ಒಳಗಿನ ರೆಕ್ಸಿನ್ನು, ತೆಂಗಿನ ನಾರು ತುಂಬಿದ ಸ್ಪ್ರಿಂಗಿನ ಸೀಟು, ಕಮಾನುತಂತಿಗಳ ಮೇಲೆ ಎಳೆದು ಕಟ್ಟಿದ ಮಾಡಿನ ಬಟ್ಟೆ, ಇವುಗಳ ವಿಚಾರವನ್ನು ವಿಸ್ತರಿಸುವುದಿಲ್ಲ. ಅವು ಅಂದವಾಗಿದ್ದವು ಎಂದರೆ ಸಾಕು. ಆದರೆ ಎಷ್ಟು ಅಂದ ಮಾಡಬೇಕು ಎಂಬ ಪ್ರಶ್ನೆಯೊಂದಿದೆ, ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಸ್ಮಾರಕಗಳ ಸಂರಕ್ಷಣೆಗೆಂದು 1964ರಲ್ಲಿ ವೆನಿಸಿನಲ್ಲಿ ಒಂದು ಸನ್ನದು ಸಿದ್ಧವಾಯಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಆ ಮೇಲ್ಪಂಕ್ತಿಯನ್ನನುಸರಿಸಿ ಟ್ಯೂರಿನ್ನಿನ ಹೆಸರಿನ ಸನ್ನದೊಂದನ್ನು ತನ್ನದಾಗಿ ಮಾಡಿಕೊಂಡಿದೆ. ಇದ್ದುದನ್ನು ಉಳಿಸುವುದು ಮೊದಲು, ಹೋದುದನ್ನು ಕೂಡಿಸುವುದು ಆಮೇಲೆ, ಹೊಸದಾಗಿ ಕೂಡಿಸಿದುದು ಹಳೆಯದೆಂದು ಸುಳ್ಳಾಡದೆ ಇರುವುದು, ಇದು ಅದರ ಒಟ್ಟು ಧೋರಣೆ. ನಮ್ಮಲ್ಲಿ ಮಾತ್ರ ‘ಶೋರೂಮಿನಿಂದ ಈಗ ತಾನೆ ಬಂದಂತಿದೆ’ ಎಂಬುದು ಪರಮ ಪ್ರಶಂಸೆ. ಉತ್ತರಪಾಡಾದ ಕಾರ್ಖಾನೆಯಿಂದ ಹೊರಬಿದ್ದ ಯಾವ ಅಂಬಾಸಡರೂ ನನ್ನ ಮಿತ್ರರ ಬಂಡಿಯಷ್ಟು ಹೊಳೆದಿರಲಾರದು. ಹಾಗೆ ನೋಡಿದರೆ ಅದು ಪುನರುದ್ಧಾರವಲ್ಲ, ಅತ್ಯುದ್ಧಾರ. ಹಿಂದಿನ ಯಜಮಾನರ ಕೈ ಸವೆಸಿದ ಸ್ಟಿಯರಿಂಗಿನ ಚಕ್ರಕ್ಕೆ ಬಣ್ಣ ಹಚ್ಚದೆ ಹಾಗೆಯೇ ಬಿಡಿರೆಂದು ನಾನು ಆಡಿದ ಮಾತೊಂದನ್ನು ಅವರು ಮನ್ನಿಸಿದರು.

ಕಾಯಿದೆಯ ಮಾತೂ ಒಂದಿದೆ. ಕೇಂದ್ರ ಸರ್ಕಾರವು 2021ರ ಜುಲೈಯಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ಕಳೆದು, ಮೂಲರೂಪದಲ್ಲಿಯೇ ಉಳಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ಫಲಕದ ಮೇಲೆ ‘ವಿಎ’ ಎಂಬ ಅಕ್ಷರಗಳು. ಹಳೆಯ ಸಂಖ್ಯೆ ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಅಂತಹ ವಾಹನವನ್ನು ಪ್ರದರ್ಶನ, ರ್‍ಯಾಲಿ, ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವುದು ಮೊದಲಾದವುಗಳಿಗೆ ಹೊರತು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ದೇವಾಲಯವನ್ನು ನೋಡಲು ಹೋಗುವುದು ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆಂದು ಜಿಜ್ಞಾಸೆ ಮಾಡುವ ಬದಲು ನನ್ನ ಮಿತ್ರರು ‘ಎಂವೈ’ ಎಂದು ಆರಂಭವಾಗುವ ಹಳೆಯ ಮೈಸೂರಿನ ಸಂಖ್ಯೆಯ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡರು.

ಮೊದಲ ದೂರಪ್ರಯಾಣಕ್ಕೆ ಸ್ಥಳವನ್ನು ಆರಿಸುವುದರಲ್ಲಿ ಮೇಸ್ತ್ರಿಯದೇ ಒಂದು ಸೂತ್ರವಿದ್ದಿತು: ಎಂಜಿನ್ನು ಪೂರ್ತಿ ಕಾದು, ಪೂರ್ತಿ ಆರಿ, ಮತ್ತೆ ಕಾಯುವಷ್ಟು ದೂರವಿರಬೇಕು; ಕೆಟ್ಟು ನಿಂತರೆ ಅದೇ ದಿನ ಎಳೆದು ತರುವಷ್ಟು ಹತ್ತಿರವಿರಬೇಕು. ಶಿವಮೊಗ್ಗೆಯಿಂದ ಸವಳಂಗ, ಶಿಕಾರಿಪುರ, ಶಿರಾಳಕೊಪ್ಪಗಳ ಮೇಲೆ ಆನವಟ್ಟಿಗೆ ಹೋಗಿ, ಅದಕ್ಕೆ ಸಮೀಪದ ಕುಬಟೂರನ್ನು ಸೇರಿದರೆ ಸುಮಾರು 100 ಕಿಲೋಮೀಟರು. ಘಾಟಿಯಿಲ್ಲ, ಆದರೆ ಏರಿಳಿತವಿದೆ. ಬಯಲಿದೆ, ಊರೊಳಗಿನ ಬಸ್ಸುಗಳ ಇಕ್ಕಟ್ಟಿದೆ. ಪರೀಕ್ಷೆಗೆ ಬೇಕಾದ ಪ್ರಶ್ನೆಗಳೆಲ್ಲ ಒಂದೇ ಪತ್ರಿಕೆಯಲ್ಲಿ ಸಿಕ್ಕಂತಾಯಿತೆಂದು ಎಲ್ಲರೂ ಒಪ್ಪಿದರು. ಡಿಕ್ಕಿಯಲ್ಲಿ ಜಾಕು, ಹ್ಯಾಂಡಲು, ಫ್ಯಾನ್ ಬೆಲ್ಟು, ಕಾಯಿಲು, ಕಂಡೆನ್ಸರು, ಪಾಯಿಂಟು, ಹೋಸಿನ ಕ್ಲಿಪ್ಪುಗಳು, ಎರಡು ಕ್ಯಾನು ನೀರು, ಒಂದು ಗಂಟು ಹಳೆಯ ಬಟ್ಟೆ. ಆ ಹಳೆಯ ಬಟ್ಟೆಯ ಉಪಯೋಗ ಮುಂದೆ ತಿಳಿಯುವುದು.

ಚಳಿಗಾಲ ಕಳೆದು ಬಿಸಿಲು ಬಲಿಯುತ್ತಿದ್ದ ದಿನಗಳವು. ಬೆಳಕು ಹರಿಯುವ ಮುನ್ನವೇ ಹೊರಟೆವು. 1489 ಸಿ.ಸಿ.ಯ ಆ ಎಂಜಿನ್ನಿಗೆ ಬೋರು ಕೊರೆಸಿ ಹೊಸ ಪಿಸ್ಟನ್ನು, ಹೊಸ ರಿಂಗುಗಳನ್ನು ಹಾಕಲಾಗಿದ್ದುದರಿಂದ ಅದಿನ್ನೂ ರನ್ನಿಂಗ್ ಇನ್ನಿನಲ್ಲಿತ್ತು. ಹೊಸ ರಿಂಗು ಸಿಲಿಂಡರಿನ ಗೋಡೆಯನ್ನು ಸವೆಸಿ, ತಾನೂ ಸವೆದು, ಪರಸ್ಪರ ಒಗ್ಗಿಕೊಳ್ಳುವತನಕ ಎಂಜಿನ್ನನ್ನು ಓಡಿಸುವುದರಲ್ಲಿ ವಿವೇಕ ಬೇಕು. ವೇಗವಾಗಿ ಓಡಿಸಬಾರದೆಂಬುದು ಎಲ್ಲರಿಗೂ ಗೊತ್ತು; ಒಂದೇ ನಿಧಾನದಲ್ಲಿ ಗಂಟೆಗಟ್ಟಲೆ ಓಡಿಸುವುದೂ, ಟಾಪ್ ಗೇರಿನಲ್ಲಿ ಏರು ಹತ್ತಿಸಿ ಗೋಳಾಡಿಸುವುದೂ ಅಷ್ಟೇ ಅಪಾಯವೆಂಬುದು ಕೆಲವರಿಗೆ ಮಾತ್ರ ಗೊತ್ತು. ಸ್ಟಿಯರಿಂಗಿನ ಕೆಳಗಿನ ಗೇರಿನ ಕಡ್ಡಿಯನ್ನು ಮಿತ್ರರು ಪದೇಪದೇ ಆಡಿಸುತ್ತ, ಗಂಟೆಗೆ 40 ರಿಂದ 55 ಕಿಲೋಮೀಟರಿನ ನಡುವೆ ಏರಿಸಿ ಇಳಿಸುತ್ತ ಹೋದರು. ಹಿಂದಿನಿಂದ ಬಂದ ಲಾರಿಗಳೆಲ್ಲ ಮೊದಲು ಹಾರ್ನು ಹೊಡೆದು, ಪಕ್ಕಕ್ಕೆ ಬಂದಾಗ ಬಂಡಿಯನ್ನು ಕಂಡು, ಮತ್ತೊಮ್ಮೆ ಹೊಡೆದವು. ಎರಡನೆಯ ಹಾರ್ನಿನ ಭಾವವೇ ಬೇರೆ.

ಕಾರ್ಯಾಗಾರದಲ್ಲಿ ಕೇಳಿಸದ ಧ್ವನಿಗಳು ಸವಳಂಗ ದಾಟುವ ಹೊತ್ತಿಗೆ ಒಂದೊಂದಾಗಿ ಕೇಳಿಸತೊಡಗಿದವು. ಹಿಂದಿನ ಪಟ್ಟಿ ಸ್ಪ್ರಿಂಗಿನ ಕಿರುಗುಟ್ಟು, ಎಡಬಾಗಿಲಿನೊಳಗೆ ಬಿದ್ದಿದ್ದ ಒಂದು ಸ್ಕ್ರೂವಿನ ಉರುಳಾಟ, ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಎದ್ದು ಅದನ್ನು ದಾಟಿದರೆ ಅಡಗುವ ಡ್ಯಾಷ್‌ಬೋರ್ಡಿನ ಗುನುಗು. ಮೇಸ್ತ್ರಿ ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕುಳಿತಿದ್ದ. ನಿದ್ದೆಯೆಂದು ನಾನು ಭಾವಿಸಿದ್ದೆ. ‘ಎರಡನೇ ಸಿಲಿಂಡರ್ ಟ್ಯಾಪೆಟ್ ಲೂಸಿದೆ’ ಎಂದ. ಶಿಕಾರಿಪುರದ ಪೇಟೆಯಲ್ಲಿ ಬಸ್ಸೊಂದು ಅಡ್ಡ ನಿಂತಾಗ ಬ್ರೇಕನ್ನು ತುಸು ಗಟ್ಟಿಯಾಗಿ ಒತ್ತಬೇಕಾಯಿತು. ಬಂಡಿ ಬಲಕ್ಕೆ ಸೆಳೆಯಿತು. ನಾಲ್ಕು ಚಕ್ರಗಳಿಗೂ ಡ್ರಮ್ಮಿನ ಬ್ರೇಕಿರುವ ಈ ಕಾರಿನಲ್ಲಿ ಹೊಸ ಲೈನರು ಡ್ರಮ್ಮಿನ ವಕ್ರತೆಗೆ ಸರಿಯಾಗಿ ಸವೆದು ಕೂರುವವರೆಗೆ ಈ ಸೆಳೆತ ಸಹಜ. ಸಹಜವೆಂದು ಮೇಸ್ತ್ರಿ ಎರಡು ಸಲ ಹೇಳಿದ. ಮಿತ್ರರು ಅಲ್ಲಿಂದ ಮುಂದೆ ಮುಂದಿನ ವಾಹನಕ್ಕೆ ಬಹಳ ಅಂತರ ಕೊಟ್ಟೇ ನಡೆಸಿದರು. ಶಿರಾಳಕೊಪ್ಪದ ಇಕ್ಕಟ್ಟಿನಲ್ಲಿ ಉಷ್ಣಮಾಪಕದ ಮುಳ್ಳು ಮೇಲೇರಿ, ಬಯಲಿಗೆ ಬಂದೊಡನೆ ತಾನಾಗಿ ಇಳಿಯಿತು. ರೇಡಿಯೇಟರು ಶುದ್ಧವಾಗಿದೆ, ಥರ್ಮೋಸ್ಟಾಟು ತೆರೆದುಕೊಳ್ಳುತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿರಲಿಲ್ಲ. ಬಳ್ಳಿಗಾವಿಗೆ ಹೋಗಿ ಕೇದಾರೇಶ್ವರನನ್ನು ನೋಡುವ ಆಸೆ ನನಗಿದ್ದರೂ ಆ ದಿನದ ಅಧಿಕಾರ ಮೇಸ್ತ್ರಿಯ ಕೈಯಲ್ಲಿದ್ದುದರಿಂದ ಬಾಯಿ ತೆರೆಯಲಿಲ್ಲ.

ಕುಬಟೂರು ಈಗ ಸಣ್ಣ ಊರು. ಚಂದ್ರಹಾಸನ ಕಥೆಯ ಕುಂತಳಪುರ ಇದೇ ಎಂಬುದು ಇಲ್ಲಿಯ ಐತಿಹ್ಯ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಮನೆಮನೆಯಲ್ಲಿ ಓದಿಸುತ್ತಿದ್ದ ಕಾಲದಲ್ಲಿ ಈ ಊರಿನ ಹೆಸರಿಗೆ ಎಷ್ಟು ಬೆಲೆಯಿದ್ದಿರಬೇಕೆಂಬುದನ್ನು ಊಹಿಸಬಹುದು. ರಾಮೇಶ್ವರ, ನರಸಿಂಹ ದೇವಾಲಯಗಳೂ ಪಾರ್ಶ್ವನಾಥ ಬಸದಿಯೂ ಇಲ್ಲಿವೆ. ಇವೆಲ್ಲಕ್ಕೂ ಮಿಗಿಲಾದುದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಕೈಟಭೇಶ್ವರ. ಸುಮಾರು 1100ರಲ್ಲಿ, ಹೊಯ್ಸಳರು ಇನ್ನೂ ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಕಾಲದಲ್ಲಿ, ವಿನಯಾದಿತ್ಯನ ಆಳ್ವಿಕೆಗೆ ಸೇರಿಸಿ ಹೇಳುವ ಕಟ್ಟಡವಿದು. ಶೈಲಿ ಬಹುಮಟ್ಟಿಗೆ ಚಾಲುಕ್ಯರದೇ. ಅಲಂಕಾರದ ದಟ್ಟಣೆಯನ್ನು ನಿರೀಕ್ಷಿಸಿ ಬೇಲೂರು, ಹಳೇಬೀಡುಗಳ ಕಣ್ಣಿನಿಂದ ನೋಡಿದವರಿಗೆ ಇದು ಸರಳವೆನಿಸಬಹುದು. ನನಗಾದರೋ ಅದರ ತೆರೆದ ವಿಶಾಲ ಮಂಟಪವನ್ನು ಹೊಕ್ಕೊಡನೆ ಬೇರೆ ಯಾವುದೂ ಬೇಡವೆನಿಸಿತು, ಅಲ್ಲಿಯ ಕಂಬಗಳೇ ಸಾಕಾಗಿದ್ದವು.

ಮೇಸ್ತ್ರಿ ದೇವರಿಗೆ ಕೈಮುಗಿದು ಬಂದವನು ಒಂದು ಕಂಬದ ಎದುರು ನಿಂತು ಅದರ ನಡುವಿನ ಘಂಟೆಯಾಕಾರದ ಉಬ್ಬಿನ ಮೇಲೆ ಅಂಗೈಯಾಡಿಸಿದ. ‘ಇದು ಲೇತಿನ ಕೆಲಸ’ ಎಂದ. ಪಂಡಿತರ ಅಭಿಪ್ರಾಯವೂ ಅದೇ. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಡಸಾಗುವ ಬಳಪದ ಕಲ್ಲನ್ನು ಚರಕಿಯಂತಹ ಯಂತ್ರದಲ್ಲಿ ತಿರುಗಿಸಿ, ಉಳಿಯನ್ನು ಅದಕ್ಕೆ ಒಡ್ಡಿ, ಈ ಸುತ್ತುಗೆರೆಗಳನ್ನು ಕಡೆದು, ಕೊನೆಗೆ ಉಜ್ಜಿ ಉಜ್ಜಿ ಮೆರುಗು ಕೊಟ್ಟಿರುವರೆಂದು ಅವರು ಹೇಳುತ್ತಾರೆ. ಮೇಸ್ತ್ರಿಗೆ ಆ ಗ್ರಂಥಗಳ ಪರಿಚಯವಿಲ್ಲ. ಗೆರೆಗೂ ಗೆರೆಗೂ ನಡುವಣ ಅಂತರ ಸುತ್ತಲೂ ಸಮನಾಗಿರುವುದನ್ನು ಬೆರಳಿನಿಂದ ಅಳೆದು, ಕೈಯಿಂದ ಕೆತ್ತಿದುದಾದರೆ ಎಲ್ಲಿಯಾದರೂ ಒಂದು ಕಡೆ ತಪ್ಪಬೇಕಾಗಿತ್ತು ಎಂದು ಅವನು ತೀರ್ಮಾನಿಸಿದ. ಅಂಚುಗಳನ್ನು ನೋಡಿದ, ಮೆರುಗು ಕೊಡುವಾಗ ಏಣು ಸವೆಯದೆ ಚೂಪಾಗಿಯೇ ಉಳಿದಿರುವುದನ್ನು ಮಿತ್ರರಿಗೆ ತೋರಿಸಿದ. ‘ನಮ್ಮ ಪೇಂಟರನ್ನ ಕರ್ಕೊಂಡು ಬರಬೇಕಾಗಿತ್ತು’ ಎಂದು ಅವನು ಹೇಳಿದುದರಲ್ಲಿ ವ್ಯಂಗ್ಯವೆಷ್ಟು, ಗೌರವವೆಷ್ಟು ಎಂಬುದನ್ನು ನಾನು ನಿರ್ಣಯಿಸಲಾರೆ. ಆ ಕಂಬಗಳು ಒಂಬತ್ತು ಶತಮಾನ ಮಳೆಗಾಳಿಗಳ ಸಮೀಪದಲ್ಲಿ ನಿಂತು ಭಾರ ಹೊತ್ತಿವೆ. ಹೊಳಪಿಗೆ ಅವು ಕಂಬಗಳಾಗಿಲ್ಲ, ಕಂಬಗಳಾದುದರ ಮೇಲೆ ಹೊಳಪು ಬಂದಿದೆ. ಹೊರಗೆ ಮರದ ನೆರಳಿನಲ್ಲಿ ನಿಲ್ಲಿಸಿದ್ದ ಬಂಡಿಯ ಕೆಳಗೆ ಅಷ್ಟರೊಳಗೆ ಎರಡು ಹನಿ ಎಣ್ಣೆ ಬಿದ್ದಿತ್ತು.

ಮೇಸ್ತ್ರಿ ನಾಲ್ಕು ಚಕ್ರಗಳ ಗುಂಬಗಳನ್ನೂ ಕೈಯಿಂದ ಮುಟ್ಟಿ ನೋಡಿದ. ಮೂರು ಬೆಚ್ಚಗಿದ್ದವು, ಹಿಂದಿನ ಎಡಗಡೆಯದು ಸುಡುತ್ತಿತ್ತು: ಬ್ರೇಕು ಬಿಗಿಯಾಗಿದೆ. ಅಲ್ಲಿಯೇ ಮಂಡಿಯೂರಿ ಅದನ್ನು ಎರಡು ಹಲ್ಲು ಸಡಿಲಿಸಿದ.

ಹಿಂದಿರುಗುವಾಗ ನೆತ್ತಿಯ ಮೇಲೆ ಬಿಸಿಲು. ಆನವಟ್ಟಿಯಿಂದ ಶಿರಾಳಕೊಪ್ಪದತ್ತ ಬರುತ್ತಿದ್ದಂತೆ ಎಂಜಿನ್ನು ಎರಡು ಸಲ ಬಿಕ್ಕಿ, ಮೂರನೆಯ ಸಲಕ್ಕೆ ನಿಂತೇಹೋಯಿತು. ಪೆಟ್ರೋಲಿದೆ, ಕಿಡಿಯಿದೆ, ಆದರೆ ಕಾರ್ಬ್ಯುರೇಟರಿಗೆ ಪೆಟ್ರೋಲು ಬರುತ್ತಿಲ್ಲ. ಎಂಜಿನ್ನಿನ ಶಾಖಕ್ಕೆ ಕೊಳವೆಯಲ್ಲಿಯೇ ಪೆಟ್ರೋಲು ಕುದಿದು ಆವಿಯಾಗಿ, ಆ ಆವಿಯ ಗುಳ್ಳೆಯನ್ನು ನೂಕಲಾರದೆ ಪಂಪು ಸೋಲುವ ಈ ಕಾಯಿಲೆ ಹಳೆಯ ಕಾರುಗಳಿಗೆ ಹಳೆಯದೇ. ಶೇಕಡ 20ರಷ್ಟು ಎಥನಾಲ್ ಬೆರೆತ ಇಂದಿನ ಇಂಧನದಿಂದ ಅದು ಇನ್ನಷ್ಟು ಹೆಚ್ಚಾಗಿದೆ ಎಂಬುದು ಈ ವೃತ್ತಿಯವರ ದೂರು. ಎಥನಾಲಿನಿಂದ ಬೇರೆ ತೊಂದರೆಗಳೂ ಇವೆ: ಅದು ಹಳೆಯ ರಬ್ಬರಿನ ಹೋಸುಗಳನ್ನೂ ಪಂಪಿನ ಒಳಪೊರೆಯನ್ನೂ ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನು ಹೀರಿಕೊಂಡು ಟ್ಯಾಂಕಿಗೆ ತುಕ್ಕು ತರುತ್ತದೆ, ಟ್ಯಾಂಕಿನ ತಳದಲ್ಲಿ ಅಂಟಿಕೊಂಡಿದ್ದ ಹಳೆಯ ಜಿಗುಟನ್ನು ಎಬ್ಬಿಸಿ ತಂದು ಫಿಲ್ಟರಿನಲ್ಲಿ ತುಂಬುತ್ತದೆ. ಮೇಸ್ತ್ರಿ ಹಳೆಯ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಪಂಪಿಗೆ ಸುತ್ತಿ, ಬೀಡಿ ಹಚ್ಚಲು ದೂರ ಹೋದ. ಆ ಹೊತ್ತಿಗೆ ದ್ವಿಚಕ್ರ ವಾಹನದಲ್ಲಿ ಬಂದ ವೃದ್ಧರೊಬ್ಬರು ನಿಂತು, ತಾವು ಒಂದು ಕಾಲಕ್ಕೆ ಇಂಥದೇ ಟ್ಯಾಕ್ಸಿಯನ್ನು ಓಡಿಸುತ್ತಿದ್ದುದಾಗಿ ಹೇಳಿ, ಬಾನೆಟ್ಟಿನ ಹಿಂಬದಿಯಲ್ಲಿ ಒಂದು ಮರದ ಚಕ್ಕೆಯಿಟ್ಟು ಬಿಸಿಗಾಳಿ ಹೊರಹೋಗಲು ಸಂದಿ ಮಾಡಬೇಕೆಂದು ಉಪದೇಶಿಸಿ, ಚಕ್ಕೆಯನ್ನೂ ತಾವೇ ಹುಡುಕಿ ತಂದುಕೊಟ್ಟರು. ಆ ಹೊಳೆಯುವ ಬಾನೆಟ್ಟಿನ ಕೆಳಗೆ ಕಾಡುಮರದ ಚಕ್ಕೆಯನ್ನು ತುರುಕುವುದು ಮಿತ್ರರಿಗೆ ಪ್ರಾಣಸಂಕಟವಾಯಿತು. ತುರುಕಿದರು, ಬಂಡಿ ಹೊರಟಿತು. ಶಿವಮೊಗ್ಗೆ ಸಮೀಪಿಸುವಾಗ ಕತ್ತಲಾಯಿತು. ಎಡಗಡೆಯ ದೀಪ, ಇನ್ನೂ ಅರ್ತ್ ಸಿಗದೆ, ಮಂಕಾಗಿಯೇ ಉರಿಯಿತು.

ಮರುದಿನ ಮೇಸ್ತ್ರಿ ಬರೆಸಿದ ಪಟ್ಟಿಯನ್ನು ನೋಡಿದೆ. ಅದರಲ್ಲಿ ಬಣ್ಣದ ಹೆಸರಿರಲಿಲ್ಲ, ಕ್ರೋಮಿನ ಹೆಸರಿರಲಿಲ್ಲ. ತಣ್ಣಗಾದ ಎಂಜಿನ್ನಿನ ಹೆಡ್ಡಿನ ಬೋಲ್ಟುಗಳನ್ನು ಕ್ರಮವಾಗಿ ಮತ್ತೆ ಬಿಗಿಯಬೇಕು. ಟ್ಯಾಪೆಟ್ಟುಗಳನ್ನು ಅಂಗುಲದ ಸಾವಿರ ಪಾಲಿನಲ್ಲಿ 15 ಪಾಲಿನಷ್ಟು ಸಂದಿಗೆ ಹೊಂದಿಸಬೇಕು. ಹಿಂದಿನ ಸೀಲು ಬದಲಿಸಬೇಕು. ಪೆಟ್ರೋಲಿನ ಕೊಳವೆಯನ್ನು ಸೈಲೆನ್ಸರಿನ ಶಾಖದಿಂದ ದೂರಕ್ಕೆ ತಿರುಗಿಸಿ ಕಟ್ಟಬೇಕು. ಎಥನಾಲು ತಾಳುವ ಹೋಸುಗಳನ್ನು ತರಿಸಬೇಕು. 500 ಕಿಲೋಮೀಟರಾದೊಡನೆ ಎಣ್ಣೆಯನ್ನು ಪೂರ್ತಿ ಬಸಿದು ಹೊಸದು ಹಾಕಬೇಕು, ಏಕೆಂದರೆ ಹೊಸ ಲೋಹ ಸವೆದ ಪುಡಿಯೆಲ್ಲ ಆ ಮೊದಲ ಎಣ್ಣೆಯಲ್ಲಿರುತ್ತದೆ. ದೀಪಕ್ಕೆ ಪ್ರತ್ಯೇಕವಾಗಿ ಒಂದು ತಂತಿಯನ್ನೇ ಬ್ಯಾಟರಿಯವರೆಗೆ ಎಳೆಯುವುದೆಂದು ತೀರ್ಮಾನವಾಯಿತು. ಮರದ ಚಕ್ಕೆಯನ್ನು ಎಸೆಯಬಾರದೆಂದೂ ಅಪ್ಪಣೆಯಾಯಿತು.

ಮಿತ್ರರ ಮನಸ್ಸಿನಲ್ಲಿ ಮುಂದಿನ ಪ್ರಯಾಣ ಆಗಲೇ ಸಿದ್ಧವಾಗಿದೆ: ತೀರ್ಥಹಳ್ಳಿಯ ಮೇಲೆ ಆಗುಂಬೆಯ 14 ತಿರುವುಗಳನ್ನು ಇಳಿದು ಧರ್ಮಸ್ಥಳಕ್ಕೆ, ಅಲ್ಲಿಯ ಸಂಗ್ರಹದ ಬಂಡಿಗಳ ಎದುರಿಗೆ ತಮ್ಮದನ್ನೂ ಒಂದು ಗಳಿಗೆ ನಿಲ್ಲಿಸುವುದು. ಮೇಸ್ತ್ರಿ ಒಪ್ಪಿಲ್ಲ. ಲೈನರು ಕೂರುವವರೆಗೆ ಸಾಗರದ ದಾರಿಯಲ್ಲಿ ಇನ್ನೆರಡು ಸಲ ಹೋಗಿಬರಲಿ, ಡ್ರಮ್ಮು ಬಿಚ್ಚಿ ನೋಡೋಣ, ಘಾಟಿಯ ಮಾತು ಆಮೇಲೆ ಎಂದು ಹೇಳಿ ಅವನು ಬೇರೊಂದು ಬಂಡಿಯ ಕೆಳಗೆ ಮಲಗಿಬಿಟ್ಟ.